ಹಾಸಿಗೆಯ ಪಕ್ಕ ನಿಂತ ಪಿಜಿ

ಸಿಟಿ ಮಾರ್ಕೆಟ್ಟಿನ ಗದ್ದಲ ದಾಟಿ ಚಾಮರಾಜಪೇಟೆ ಕಡೆಗೆ ಹೊರಟರೆ ವಿಕ್ಟೋರಿಯಾ ಆಸ್ಪತ್ರೆ ಸಿಗುತ್ತದೆ. 1897ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಅಡಿಗಲ್ಲು ಇಟ್ಟರು, 1900ರ ಡಿಸೆಂಬರಿನಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಉದ್ಘಾಟಿಸಿದರು. ಆ ನಡುವೆ, 1898ರಲ್ಲಿ, ಪೇಟೆಗೆ ಪ್ಲೇಗು ಬಂತು. ಜನ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಹೊರಬಂದಂತೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಹಳೆಯ ಬೆಂಗಳೂರಿನ ಬಡಾವಣೆಗಳಿಗೂ ಈ ಆಸ್ಪತ್ರೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 140 ಹಾಸಿಗೆಗಳಿಂದ ಶುರುವಾದದ್ದು ಈಗ ಸಾವಿರ ದಾಟಿದೆ. 1955ರಲ್ಲಿ ಆರಂಭವಾದ ಬೆಂಗಳೂರು ಮೆಡಿಕಲ್ ಕಾಲೇಜಿನವರು ರೋಗಿಗಳ ನಡುವೆ ನಿಂತು ಕಲಿಯುವುದು ಇಲ್ಲೇ.

ಇಲ್ಲಿನ ಸರ್ಜರಿ ವಾರ್ಡಿಗೆ ಬಂದವರೆಲ್ಲ ಒಮ್ಮೆಯಾದರೂ ಕೇಳುವ ಪ್ರಶ್ನೆ: "ದೊಡ್ಡ ಡಾಕ್ಟ್ರು ಯಾವಾಗ ಬರ್ತಾರೆ?" ಕೇಳಿಸಿಕೊಳ್ಳುವವನು ಇಪ್ಪತ್ತಾರು, ಇಪ್ಪತ್ತೇಳು ವಯಸ್ಸಿನ ಪಿಜಿ, ಎಂದರೆ ಸ್ನಾತಕೋತ್ತರ ವಿದ್ಯಾರ್ಥಿ. ಅವನು ಓದು ಮುಗಿಸದ ಹುಡುಗನಲ್ಲ. ನಾಲ್ಕೂವರೆ ವರ್ಷದ ಎಂಬಿಬಿಎಸ್, ಒಂದು ವರ್ಷದ ಹೌಸ್ ಸರ್ಜನ್ ಕೆಲಸ, ಅದರ ಮೇಲೆ ನೀಟ್-ಪಿಜಿ ಪರೀಕ್ಷೆ ಮುಗಿಸಿ ಮೂರು ವರ್ಷದ ಎಂಎಸ್‌ಗೆ ಬಂದಿರುವ ವೈದ್ಯ. ಕಾಗದಪತ್ರದಲ್ಲಿ ಅವನ ಹೆಸರು ರೆಸಿಡೆಂಟ್, ಎಂದರೆ ಆಸ್ಪತ್ರೆಯಲ್ಲೇ ವಾಸ ಮಾಡುವವನು. ಅಮೆರಿಕದ ಬಾಲ್ಟಿಮೋರಿನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಈ ಕ್ರಮಕ್ಕೆ ಒಂದು ರೂಪ ಕೊಟ್ಟರು. ಶಿಷ್ಯರು ಆಸ್ಪತ್ರೆಯಲ್ಲೇ ಉಳಿದು, ವರ್ಷದಿಂದ ವರ್ಷಕ್ಕೆ ಹೆಚ್ಚಿನ ಹೊಣೆ ಹೊರುತ್ತ ಕಲಿಯಬೇಕಿತ್ತು. ನಮ್ಮ ಪಿಜಿ ಪದ್ಧತಿಯ ಒಳಗೆ ಇರುವುದೂ ಅದೇ ಏಣಿ.

ಏಣಿಯ ಮೊದಲ ಮೆಟ್ಟಿಲಿಗೆ ಹೆಸರಿಲ್ಲ, ಕೀರ್ತಿಯೂ ಇಲ್ಲ. ಯೂನಿಟ್ ಚೀಫ್ ರೌಂಡ್ಸಿಗೆ ಬರುವ ಮೊದಲೇ ಫಸ್ಟ್ ಇಯರ್ ಪಿಜಿ ಎಲ್ಲರ ಡ್ರೆಸ್ಸಿಂಗ್ ಮುಗಿಸಿರಬೇಕು. ಅದರಲ್ಲಿ ಬಹಳಷ್ಟು ಸಕ್ಕರೆ ಕಾಯಿಲೆಯವರ ಕಾಲುಗಳು. ಸ್ಪರ್ಶ ಸತ್ತ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿದಿರುವುದಿಲ್ಲ. ಹುಣ್ಣು ಮೂಳೆ ಮುಟ್ಟಿದ ಮೇಲೆ ಮನೆಯವರು ಕರೆತಂದಿರುತ್ತಾರೆ. ಕಪ್ಪಾದ ಮಾಂಸವನ್ನು ಕತ್ತರಿಸುತ್ತ ಹೋಗಬೇಕು. ಎಲ್ಲಿ ರಕ್ತ ಜಿನುಗುತ್ತದೋ ಅಲ್ಲಿ ಜೀವವಿದೆ. ಸತ್ತದ್ದು ಯಾವುದು, ಬದುಕಿರುವುದು ಯಾವುದು ಎಂಬ ಈ ಗುರುತು ಸರ್ಜರಿಯ ಅಕ್ಷರಾಭ್ಯಾಸ. ಅದು ಮೊದಲು ಆಗುವುದು ಬಡವರ ಕಾಲಿನ ಬಳಿ ಕುಕ್ಕರುಗಾಲಲ್ಲಿ ಕೂತು.

ಪ್ರತಿ ಯೂನಿಟ್ಟಿಗೂ ಒಪಿಡಿ ದಿನ, ಆಪರೇಷನ್ ದಿನ, ಅಡ್ಮಿಷನ್ ದಿನ ಎಂದು ಪಾಳಿ ಇರುತ್ತದೆ. ನಿಜವಾದ ಪಾಠ ಅಡ್ಮಿಷನ್ ದಿನದ ರಾತ್ರಿಯದು. ಹೊಟ್ಟೆನೋವೆಂದು ಒಬ್ಬ ಹುಡುಗ ಕ್ಯಾಜುಯಾಲ್ಟಿಗೆ ಬರುತ್ತಾನೆ ಎನ್ನಿ. ನೋವು ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿದಿದೆ. ಅಪೆಂಡಿಕ್ಸ್ ಇರಬಹುದು, ಬರಿಯ ಅಜೀರ್ಣವೂ ಇರಬಹುದು. ಪಿಜಿ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾನೆ. ತಣ್ಣನೆಯ ಕೈ ತಗುಲಿದರೆ ಹೊಟ್ಟೆ ತಾನಾಗಿ ಬಿಗಿಯುತ್ತದೆ. ನೋವಿಲ್ಲದ ಎಡಗಡೆಯಿಂದ ಶುರುಮಾಡಿ, ಬೆರಳು ಒತ್ತುತ್ತ, ಕಣ್ಣನ್ನು ಮಾತ್ರ ಹುಡುಗನ ಮುಖದ ಮೇಲೆ ಇಟ್ಟಿರುತ್ತಾನೆ. ಬಾಯಿ "ನೋವಿಲ್ಲ" ಎಂದರೂ ಹುಬ್ಬು ಸುಳ್ಳು ಹೇಳುವುದಿಲ್ಲ. ಎರಡು ಗಂಟೆ ಬಿಟ್ಟು ಮತ್ತೆ ಬಂದು, ಅದೇ ಕೈಯಲ್ಲಿ, ಅದೇ ಹೊಟ್ಟೆ ಮುಟ್ಟಿ ನೋಡುತ್ತಾನೆ. ಆಮೇಲೆ ಇನ್ನೊಮ್ಮೆ. ಮೆತ್ತಗಿದ್ದದ್ದು ಹಲಗೆಯಂತೆ ಗಟ್ಟಿಯಾಗಿದ್ದರೆ ಒಳಗೆ ಏನೋ ಒಡೆದಿರಬಹುದು. ಕೂಡಲೇ ಸೀನಿಯರ್‌ಗೆ ಫೋನ್ ಹೋಗುತ್ತದೆ. ಸ್ಕ್ಯಾನ್ ಯಂತ್ರಗಳು ಬಂದು ಎಷ್ಟು ಉಪಕಾರವಾಗಿದ್ದರೂ, ಮತ್ತೆ ಮತ್ತೆ ಹೋಗಿ ನೋಡುವ ಈ ಅಭ್ಯಾಸಕ್ಕೆ ಸಮನಾದದ್ದು ಇಲ್ಲ ಎಂದೇ ನಾನು ನಂಬಿದ್ದೇನೆ. ಕೊಯ್ಯುವುದನ್ನು ಕಲಿಯುವುದಕ್ಕಿಂತ, ಯಾವಾಗ ಕೊಯ್ಯಬಾರದು ಎಂಬುದನ್ನು ಕಲಿಯಲು ಹೆಚ್ಚು ರಾತ್ರಿಗಳು ಬೇಕು.

ಕೈ ಪಳಗುವುದು ಬೇರೆಯೇ ಕತೆ. ಪಿಜಿ ಹಾಸ್ಟೆಲಿನಲ್ಲಿ ಮಂಚದ ಕಂಬಿಗೋ ಕುರ್ಚಿಯ ಕೈಗೋ ದಾರ ಕಟ್ಟಿ, ನೂರಾರು ಗಂಟು ಹಾಕಿದ ಗುರುತು ಕಾಣಿಸಿದರೆ ಅಲ್ಲಿ ಸರ್ಜರಿಯವನಿದ್ದಾನೆ ಎಂದು ಅರ್ಥ. ಮೊದಲ ಸುತ್ತು ಒಂದು ದಿಕ್ಕಿಗೆ ಹೋದರೆ ಎರಡನೆಯದು ಎದುರು ದಿಕ್ಕಿಗೆ ಹೋಗಬೇಕು. ಎರಡೂ ಒಂದೇ ಕಡೆಗೆ ಬಿದ್ದರೆ ಗಂಟು ಜಾರುತ್ತದೆ. ಬಿಗಿಯುವಾಗ ದಾರವನ್ನು ಮೇಲಕ್ಕೆ ಎಳೆಯಬಾರದು, ಎಳೆದರೆ ರಕ್ತನಾಳವೇ ಕಿತ್ತು ಬಂದೀತು. ತೋರುಬೆರಳ ತುದಿಯಿಂದ ಗಂಟನ್ನು ಕೆಳಕ್ಕೆ ತಳ್ಳಿ ಕೂರಿಸಬೇಕು. ಇದನ್ನು ಎಡಗೈಯೂ ಕಲಿಯಬೇಕು, ಕಣ್ಣು ಬೇರೆಲ್ಲೋ ಇರುವಾಗಲೂ ಬೆರಳು ತಪ್ಪಬಾರದು.

ಈ ತಾಲೀಮು ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯ ಇದಕ್ಕೇ ಮೀಸಲು. ಶಾಸ್ತ್ರವನ್ನೆಲ್ಲ ಓದಿದವನಿಗೂ ಕೈಯ ಅಭ್ಯಾಸ ಬೇಕೆಂದು ಅದು ವಿಧಿಸುತ್ತದೆ: ಕತ್ತರಿಸುವುದನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಯ ಮೇಲೆ, ಸೀಳುವುದನ್ನು ನೀರು ತುಂಬಿದ ಚರ್ಮದ ಚೀಲದ ಮೇಲೆ, ಹೊರತೆಗೆಯುವುದನ್ನು ಹಲಸು, ಬಿಲ್ವಗಳ ತಿರುಳಿನಲ್ಲಿ, ಹೊಲಿಯುವುದನ್ನು ಬಟ್ಟೆ ಮತ್ತು ಮೆದು ಚರ್ಮದ ಮೇಲೆ. ವಿಕ್ಟೋರಿಯಾದ ಗೇಟಿನಿಂದ ಮಾರ್ಕೆಟ್ಟಿಗೆ ಹೋಗಿಬಂದರೆ ಈ ತರಕಾರಿಗಳೆಲ್ಲ ಇಂದೂ ಸಿಗುತ್ತವೆ ಎಂದು ನೆನೆದಾಗ ನನಗೆ ಮೈ ನವಿರೇಳುತ್ತದೆ. ಈಗ ಪೆಟ್ಟಿಗೆಯೊಳಗೆ ಉದ್ದನೆಯ ಕಡ್ಡಿಗಳನ್ನು ಇಳಿಸಿ ಲ್ಯಾಪ್ರೊಸ್ಕೋಪಿ ಅಭ್ಯಾಸ ಮಾಡುತ್ತಾರೆ. ಅಲ್ಲಿ ಕೈ ಎಡಕ್ಕೆ ಸರಿದರೆ ಕಡ್ಡಿಯ ತುದಿ ಬಲಕ್ಕೆ ಹೋಗುತ್ತದೆ.

ಥಿಯೇಟರಿನಲ್ಲಿ ಮೊದಲು, ಕೊಯ್ದ ಅಂಚನ್ನು ಸರಿಸಿ ಹಿಡಿಯುವ ರಿಟ್ರ್ಯಾಕ್ಟರ್ ಹಿಡಿದು ಅಲುಗಾಡದೆ ನಿಲ್ಲುವುದು, ಆಮೇಲೆ ಚರ್ಮ ಹೊಲಿಯುವುದು, ಕೀವಿನ ಗಡ್ಡೆ ಬಿಡಿಸುವುದು. ಸೀನಿಯರ್ ಎದುರು ನಿಂತು ಹೈಡ್ರೋಸೀಲ್, ಹರ್ನಿಯಾ, ಅಪೆಂಡಿಕ್ಸ್ ಮಾಡಿಸುತ್ತಾರೆ. ಮೂರನೆಯ ವರ್ಷಕ್ಕೆ ಕರುಳು ತೂತುಬಿದ್ದವರ ಹೊಟ್ಟೆ ತೆರೆಯುವ ಧೈರ್ಯ ಬಂದಿರಬೇಕು. ನಡುವೆ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ, ಒಂದು ಥೀಸಿಸ್, ಕೊನೆಗೆ ಪರೀಕ್ಷೆ.

ನಿದ್ದೆಯ ಮಾತನ್ನು ಬಿಡುವಂತಿಲ್ಲ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಆದೇಶದಲ್ಲಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರಬಾರದು ಎಂದಿದೆ. ಅಮೆರಿಕದಲ್ಲಿ 2003ರಿಂದ ವಾರಕ್ಕೆ 80 ಗಂಟೆಯ ಮಿತಿ ಇದೆ. ಆದರೆ ನಮ್ಮ ದೇಶದಲ್ಲಿ ಬೆಳಿಗ್ಗೆ ಬಂದ ಪಿಜಿ ರಾತ್ರಿ ಕಳೆದು ಮರುದಿನ ಸಂಜೆಯವರೆಗೂ ನಿಂತಿರುವುದು ಅಪರೂಪವಲ್ಲ. ಇದನ್ನು ತಪಸ್ಸೆಂದು ಹೊಗಳುವುದು ತಪ್ಪು. ನಿದ್ದೆಗೆಟ್ಟ ಕೈ ರೋಗಿಗೂ ಅಪಾಯ, ವೈದ್ಯನಿಗೂ ಅಪಾಯ.

ರೋಗಿಗಳ ಋಣವಂತೂ ತೀರುವಂಥದ್ದಲ್ಲ. ನಗರದ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಇಂದು ಹೆಸರು ಮಾಡಿರುವ ಎಷ್ಟೋ ಸರ್ಜನ್ನರು ಮೊದಲ ಗಂಟು ಹಾಕಿದ್ದು ಸರ್ಕಾರಿ ವಾರ್ಡಿನಲ್ಲಿ ಮಲಗಿದ್ದ ಹಮಾಲಿಗೆ, ಹೂ ಮಾರುವ ತಾಯಿಗೆ. ಆ ದೇಹಗಳು ಪಠ್ಯಪುಸ್ತಕಕ್ಕಿಂತ ದೊಡ್ಡ ಗುರುಗಳು.

ಆದ್ದರಿಂದ ಓದುಗರಲ್ಲಿ ಒಂದು ಮಾತು. ಆಪರೇಷನ್ ಆದ ಮೇಲೆ ಬೆಳಗಿನ ಜಾವ ಪಿಜಿ ಬಂದು "ಗಾಳಿ ಹೋಯ್ತಾ?" ಎಂದು ಕೇಳಿದರೆ ನಾಚಿಕೊಳ್ಳಬೇಡಿ, ಕರುಳು ಮತ್ತೆ ಕೆಲಸ ಶುರುಮಾಡಿತೇ ಎಂಬುದು ಅವನಿಗೆ ತಿಳಿಯುವ ದಾರಿಗಳಲ್ಲಿ ಅದೊಂದು. ಆಪರೇಷನ್ನಿಗೆ ಮೊದಲು "ಏನಾದ್ರೂ ತಿಂದ್ರಾ, ಕುಡಿದ್ರಾ?" ಎಂದರೆ, ಮನೆಯವರು ಪ್ರೀತಿಗೆ ಕೊಟ್ಟ ಅರ್ಧ ಲೋಟ ಕಾಫಿಯನ್ನೂ ಮುಚ್ಚಿಡಬೇಡಿ. ಅರಿವಳಿಕೆ ಕೊಟ್ಟಾಗ ಅದು ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಕುಡಿದಿದ್ದರೆ ಕುಡಿದೆ ಎನ್ನಿ. ತುರ್ತಿಲ್ಲದಿದ್ದರೆ ಅವರು ಕೆಲವು ಗಂಟೆ ಮುಂದಕ್ಕೆ ಹಾಕುತ್ತಾರೆ.