ಎರಡನೇ ಬ್ರೇಕ್ ಇಲ್ಲದ ಕಾರಿನಲ್ಲಿ

ಬೆಳಗಿನ ವಾಕಿಂಗ್ ಹೊರಟ ಮೈಸೂರಿಗರಿಗೆ ಈ ನೋಟ ಹೊಸದಲ್ಲ. ಗೇಟಿನೊಳಗೆ ಮುಸುಕು ಹೊದ್ದು ನಿಂತ ಕಾರು. ಮುಸುಕಿನ ಮೇಲೆ ಹೊಂಗೆ ಮರದ ಒಣಗಿದ ಎಲೆ, ಬಾನೆಟ್ ಮೇಲೆ ಬೆಕ್ಕಿನ ನಿದ್ದೆ. ಮನೆಯಾಕೆಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿ ವರ್ಷಗಳೇ ಕಳೆದಿವೆ. ಆದರೂ ಕೇಳಿದರೆ ಉತ್ತರ ಒಂದೇ: 'ಯಾಕೋ ಧೈರ್ಯ ಸಾಲದು.'

ಎದುರು ಮನೆಯ ಹುಡುಗನದು ಇದಕ್ಕೆ ತದ್ವಿರುದ್ಧ. ಲೈಸೆನ್ಸ್ ಕೈಗೆ ಬಂದ ತಿಂಗಳಲ್ಲೇ ಬೆಂಗಳೂರನ್ನು ಎಪ್ಪತ್ತು ನಿಮಿಷದಲ್ಲಿ ಮುಟ್ಟಿದ ಪ್ರತಾಪವನ್ನು ಅವನು ಗೆಳೆಯರಿಗೆಲ್ಲ ಹೇಳಿಕೊಂಡು ಬರುತ್ತಾನೆ.

ಒಬ್ಬರದು ಅತಿ ಭಯ, ಇನ್ನೊಬ್ಬರದು ಅತಿ ಧೈರ್ಯ. ಇಂಥವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಸೋಜಿಗವೆಂದರೆ ಇಬ್ಬರಿಗೂ ಮದ್ದು ಒಂದೇ. ಅದರ ಹೆಸರು ಡಿಫೆನ್ಸಿವ್ ಡ್ರೈವಿಂಗ್. ಕ್ರಿಕೆಟ್ ನೋಡುವವರಿಗೆ ರಾಹುಲ್ ದ್ರಾವಿಡ್ ಅವರ ಡಿಫೆನ್ಸ್ ನೆನಪಿದ್ದರೆ ಸಾಕು, ಅರ್ಥ ಹೇಳಬೇಕಿಲ್ಲ. ಬರುವ ಚೆಂಡು ಎಂಥದೇ ಇರಲಿ, ವಿಕೆಟ್ ಕಾಪಾಡಿಕೊಳ್ಳಬೇಕು. ರಸ್ತೆಯಲ್ಲಿ ತಪ್ಪು ಯಾರದೇ ಇರಲಿ, ಮನೆಗೆ ಕ್ಷೇಮವಾಗಿ ಮರಳಬೇಕು.

ಮೇಷ್ಟ್ರ ಕಾಲಡಿಯ ಬ್ರೇಕ್

ಡ್ರೈವಿಂಗ್ ಸ್ಕೂಲಿನ ಕಾರಿಗೂ ಮನೆಯ ಕಾರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸ್ಕೂಲಿನ ಕಾರಿನಲ್ಲಿ ಜೋಡಿ ನಿಯಂತ್ರಣ ಇರಬೇಕು. ಅಂದರೆ ಕಲಿಯುವವರ ಪಕ್ಕದಲ್ಲಿ ಕುಳಿತ ಮೇಷ್ಟ್ರು ಬೇಕೆಂದಾಗ ಕಾರು ನಿಲ್ಲಿಸುವಂತಿರಬೇಕು. ಕಾರು ಕಲಿಕೆ ಕನಿಷ್ಠ 21 ದಿನ, ಅದರಲ್ಲಿ ಸ್ಟೀರಿಂಗ್ ಹಿಡಿದು ಓಡಿಸುವುದು ಕನಿಷ್ಠ 10 ಗಂಟೆ ಎಂದೂ ಅದೇ ನಿಯಮಗಳು ಹೇಳುತ್ತವೆ.

ಆ ಹತ್ತು ಗಂಟೆಗಳಲ್ಲಿ ಎಷ್ಟು ಸಲ ಬ್ರೇಕ್ ಒತ್ತಿದ್ದು ಶಿಷ್ಯ, ಎಷ್ಟು ಸಲ ಗುರು? ಅನೇಕರಿಗೆ ಅದು ತಿಳಿಯುವುದೇ ಇಲ್ಲ. ಲೈಸೆನ್ಸ್ ಸಿಕ್ಕ ಮರುದಿನ ಸ್ವಂತ ಕಾರಿನಲ್ಲಿ ಕುಳಿತಾಗ ಆ ಎರಡನೇ ಬ್ರೇಕ್ ಇರುವುದಿಲ್ಲ. ಅಂಜುವವರ ಅಂಜಿಕೆಯ ಮೂಲ ಇಲ್ಲಿದೆ. ಅಂಜದವರು ತಿಳಿಯಬೇಕಾದದ್ದೂ ಇದನ್ನೇ.

ಆದ್ದರಿಂದ ಲೈಸೆನ್ಸ್ ಪಡೆದ ಮೇಲೆ ನುರಿತ ಮೇಷ್ಟ್ರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ವಂತ ಕಾರಿನಲ್ಲೇ ಮತ್ತೊಮ್ಮೆ ಕಲಿಯುವುದರಲ್ಲಿ ಅರ್ಥವಿದೆ. ಇಲ್ಲಿ ಮೇಷ್ಟ್ರ ಬಳಿ ಇರುವುದು ಕಣ್ಣು ಮತ್ತು ಬಾಯಿ ಮಾತ್ರ. ಬ್ರೇಕ್ ಒತ್ತುವುದು ಶಿಷ್ಯರ ಕೆಲಸ. ಹೀಗಾಗಿ ಅಪಾಯ ಹತ್ತಿರ ಬರುವ ಮೊದಲೇ ಇಬ್ಬರೂ ಅದನ್ನು ಕಾಣಬೇಕಾಗುತ್ತದೆ. ಈ ವಿದ್ಯೆಯ ತಿರುಳೇ ಅದು.

ಐದು ಸೂತ್ರಗಳು

ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಅಮೆರಿಕದ ಹೆರಾಲ್ಡ್ ಸ್ಮಿತ್ ಒಬ್ಬರು. 1952ರಲ್ಲಿ ಅವರು ತರಬೇತಿ ಸಂಸ್ಥೆ ಆರಂಭಿಸಿ ಐದು ಸೂತ್ರಗಳನ್ನು ಕೊಟ್ಟರು. ದೂರಕ್ಕೆ ದೃಷ್ಟಿ ಇಡಿ. ಸುತ್ತಲಿನ ಇಡೀ ಚಿತ್ರ ಗ್ರಹಿಸಿ. ಕಣ್ಣನ್ನು ಒಂದೇ ಕಡೆ ನೆಡಬೇಡಿ. ತಪ್ಪಿಸಿಕೊಳ್ಳಲು ಜಾಗ ಉಳಿಸಿಕೊಳ್ಳಿ. ನೀವು ಇತರರಿಗೆ ಕಾಣುವಂತಿರಿ. ಅಮೆರಿಕದ ರಾಷ್ಟ್ರೀಯ ಸುರಕ್ಷತಾ ಮಂಡಳಿ 1964ರಲ್ಲಿ ಇದೇ ವಿದ್ಯೆಯನ್ನು ಜನಸಾಮಾನ್ಯರ ತರಗತಿಗೆ ತಂದಿತು.

ಸೂತ್ರಗಳು ಹೊರಗಿನವಾದರೂ ಅಭ್ಯಾಸಕ್ಕೆ ಮೈಸೂರು ಹೇಳಿ ಮಾಡಿಸಿದ ಊರು.

ಮೊದಲು ಕಾರಿನ ಪರಿಚಯ

ಮೊದಲ ಪಾಠ ಗೇಟಿನೊಳಗೇ ಆಗಬಹುದು. ಕಾರು ನಿಂತೇ ಇರಲಿ. ಓಡಿಸುವವರು ಸೀಟು, ಕನ್ನಡಿ ಸರಿಮಾಡಿಕೊಂಡು ಕುಳಿತಿರಲಿ. ಮನೆಯವರೊಬ್ಬರು ಕಾರಿನ ಸುತ್ತ ನಿಧಾನವಾಗಿ ನಡೆಯಲಿ. ಯಾವ ಜಾಗದಲ್ಲಿ ಅವರು ಮೂರೂ ಕನ್ನಡಿಗಳಿಂದ ಮಾಯವಾದರು? ಮುಂದಿನ ಗಾಜಿನ ಪಕ್ಕದ ಕಂಬ ಅವರನ್ನು ಎಲ್ಲಿ ಮರೆಮಾಡಿತು? ಆರಡಿ ಎತ್ತರದ ಮನುಷ್ಯ ಹೀಗೆ ಕಾಣೆಯಾಗುವುದನ್ನು ನೋಡಿದವರು ಮುಂದೆ ತಿರುವಿನಲ್ಲಿ ಕತ್ತು ಹೊರಳಿಸಿ ನೋಡದೆ ಇರಲಾರರು. ಈ ಕುರುಡು ಜಾಗ ಕಾರಿನಿಂದ ಕಾರಿಗೆ ಬೇರೆ. ಸ್ಕೂಲಿನ ಕಾರಿನಲ್ಲಿ ಕಲಿತದ್ದು ಇಲ್ಲಿ ಪೂರ್ತಿ ಉಪಯೋಗಕ್ಕೆ ಬಾರದು.

ಬ್ರೇಕಿನ ಮಾತೂ ಹಾಗೆಯೇ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲಿ ಎಬಿಎಸ್ ಕಡ್ಡಾಯವಾಗಿದೆ. ಇಂಥ ಕಾರಿನಲ್ಲಿ ಅಪಾಯ ಎದುರಾದಾಗ ಪೆಡಲನ್ನು ಬಲವಾಗಿ ಒತ್ತಿ ಹಿಡಿಯಬೇಕು. ಕಾಲಡಿಯಲ್ಲಿ ಪೆಡಲ್ ಗಡಗಡ ನಡುಗಿದರೆ ಹೆದರಿ ಕಾಲು ತೆಗೆಯಬಾರದು. ಚಕ್ರ ಕಚ್ಚಿಕೊಳ್ಳದಿರುವುದರಿಂದ ಸ್ಟೀರಿಂಗ್ ತಿರುಗಿಸಿದತ್ತ ಕಾರು ಹೊರಳುತ್ತದೆ. ಹಳೆಯ ಕಾರಿನಲ್ಲಿ ಹಾಗೆ ಒತ್ತಿ ಹಿಡಿದರೆ ಚಕ್ರ ಕಚ್ಚಿಕೊಂಡು ಕಾರು ನೇರ ಜಾರುತ್ತದೆ. ಅಲ್ಲಿ ಒತ್ತಿ ಬಿಟ್ಟು, ಮತ್ತೆ ಒತ್ತಬೇಕು. ತಮ್ಮ ಕಾರು ಯಾವ ಬಗೆಯದು ಎಂಬುದನ್ನು ಮೇಷ್ಟ್ರ ಜೊತೆಗೆ, ಖಾಲಿ ಜಾಗದಲ್ಲಿ, ಮೊದಲೇ ತಿಳಿದುಕೊಳ್ಳುವುದು ಜಾಣತನ.

ವೃತ್ತಗಳ ಊರಿನಲ್ಲಿ

ಮೈಸೂರು ವೃತ್ತಗಳ ಊರು. ಕೆ.ಆರ್. ವೃತ್ತ, ಹಾರ್ಡಿಂಜ್ ವೃತ್ತ, ರೈಲು ನಿಲ್ದಾಣದ ವೃತ್ತ... ಕಲಿಯುವವರ ಎದೆ ಬಡಿತ ಹೆಚ್ಚುವುದು ಇಲ್ಲೇ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಂತೆ ವೃತ್ತದೊಳಗೆ ಈಗಾಗಲೇ ಸಾಗುತ್ತಿರುವ ವಾಹನಕ್ಕೆ ಮೊದಲ ಹಕ್ಕು. ಒಳಗೆ ನುಗ್ಗುವವರು ಕಾಯಬೇಕು. ಆದರೆ ಎದುರಿನವರಿಗೆ ಈ ನಿಯಮ ಗೊತ್ತಿರುತ್ತದೆ ಎಂಬ ಖಾತರಿ ಏನು? ಹಕ್ಕು ತನ್ನದಾದರೂ ಬಿಟ್ಟುಕೊಡಲು ಸಿದ್ಧವಿರುವುದೇ ಡಿಫೆನ್ಸಿವ್ ಡ್ರೈವಿಂಗ್. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ 'ತಪ್ಪು ನನ್ನದಲ್ಲ' ಎಂದರೆ ಮುರಿದ ಮೂಳೆ ಕೂಡುವುದಿಲ್ಲ!

ಅರಮನೆಯ ಸುತ್ತ ಟಾಂಗಾಗಳಿವೆ. ಕುದುರೆಯ ಹಿಂದೆ ಹಾರ್ನ್ ಹೊಡೆಯಬಾರದು. ದಸರೆಯ ದೀಪ ನೋಡಲು ಬಂದ ಪರವೂರಿನ ಕಾರು ಯಾವ ಕ್ಷಣದಲ್ಲೂ ನಡುರಸ್ತೆಯಲ್ಲಿ ನಿಲ್ಲಬಹುದು. ಅದರ ಚಾಲಕನ ಕಣ್ಣು ರಸ್ತೆಯ ಮೇಲಿಲ್ಲ, ದೀಪದ ಮೇಲಿದೆ. ನಿಂತ ಆಟೋದ ಮುಂದಿನಿಂದ ಮಗುವೊಂದು ಓಡಿಬರಬಹುದು. ಹೀಗೆ 'ಬರಬಹುದು, ನಿಲ್ಲಬಹುದು' ಎಂದುಕೊಂಡೇ ಸಾಗುವುದನ್ನು ಮೇಷ್ಟ್ರು ಕಲಿಸುತ್ತಾರೆ. ಕಂಡ ಅಪಾಯವನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸುವುದು ಇದಕ್ಕೊಂದು ಒಳ್ಳೆಯ ಅಭ್ಯಾಸ. ಹೇಳಲು ಏನೂ ತೋಚದಿದ್ದರೆ ಕಣ್ಣು ನೋಡುತ್ತಿಲ್ಲವೆಂದೇ ಅರ್ಥ.

ಚಾಮುಂಡಿ ಬೆಟ್ಟ ಮತ್ತೊಂದು ತರಗತಿ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವಾಗಿನ ಗೇರಿನಲ್ಲೇ ಇಳಿಯಿರಿ ಎಂಬುದು ಹಳೆಯ ಡ್ರೈವರುಗಳ ಮಾತು. ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ.

ಹೆದ್ದಾರಿಯ ಲೆಕ್ಕ

ಕೊನೆಯ ಪಾಠ ಬೆಂಗಳೂರು ಹೆದ್ದಾರಿಯದು. 118 ಕಿ.ಮೀ. ಉದ್ದದ ಈ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದಾಗ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಡಲಾಯಿತು. ಕಾರಿಗೆ ವೇಗದ ಮಿತಿ ಗಂಟೆಗೆ 100 ಕಿ.ಮೀ.

ಆ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 42 ಮೀಟರ್ ದಾಟಿರುತ್ತದೆ. ಒಣ ರಸ್ತೆಯಲ್ಲಿ ಪೂರಾ ನಿಲ್ಲಲು ಇನ್ನೂ ಐವತ್ತೈದು ಮೀಟರ್ ಬೇಕು. ಒಟ್ಟು ಹತ್ತಿರ ಹತ್ತಿರ ನೂರು ಮೀಟರ್. 60 ಕಿ.ಮೀ. ವೇಗದಲ್ಲಾದರೆ ಸುಮಾರು 45 ಮೀಟರ್ ಸಾಕು. ಮಳೆ ಬಂದರೆ ಎಲ್ಲವೂ ಹೆಚ್ಚು. ಮುಂದಿನ ವಾಹನ ದಾಟಿದ ಕಂಬವನ್ನು ತಾವು ದಾಟುವಾಗ ಕನಿಷ್ಠ ಮೂರು ಸೆಕೆಂಡ್ ಆಗಿರಬೇಕು ಎಂಬ ಪಾಠ ಈ ಲೆಕ್ಕದಿಂದಲೇ ಬಂದದ್ದು.

ಈಗ ಎದುರು ಮನೆಯ ಹುಡುಗನ ಎಪ್ಪತ್ತು ನಿಮಿಷವನ್ನು ಲೆಕ್ಕ ಹಾಕಿದರೆ ಸರಾಸರಿ ವೇಗವೇ ಗಂಟೆಗೆ 101 ಕಿ.ಮೀ. ಆಗುತ್ತದೆ. ಅಂದರೆ ದಾರಿಯಲ್ಲಿ ಎಷ್ಟೋ ಕಡೆ ಅದಕ್ಕಿಂತ ಬಹಳ ಹೆಚ್ಚು! ಎಪ್ಪತ್ತರ ಬದಲು ತೊಂಬತ್ತು ನಿಮಿಷ ತೆಗೆದುಕೊಂಡಿದ್ದರೆ ಅವನು ಕಳೆದುಕೊಳ್ಳುತ್ತಿದ್ದುದು ಇಪ್ಪತ್ತು ನಿಮಿಷ, ಒಂದು ಕಾಫಿ ಕುಡಿಯುವಷ್ಟು ಹೊತ್ತು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಕರ್ನಾಟಕದಲ್ಲೇ 11,702 ಮಂದಿ. ಅವರಲ್ಲಿ ತಪ್ಪು ಮಾಡಿದವರೂ ಇದ್ದರು, ಏನೂ ತಪ್ಪು ಮಾಡದವರೂ ಇದ್ದರು.

ಮುಸುಕು ಹೊದ್ದ ಆ ಕಾರು ಹೊರಬರಲಿ. ಎಪ್ಪತ್ತು ನಿಮಿಷದ ಆ ಕಾರು ತುಸು ನಿಧಾನವಾಗಲಿ. ಕೆಲವು ಬೆಳಗಿನ ಪಾಠ ಮುಗಿದು ಮೇಷ್ಟ್ರು ಇಳಿದು ಹೋದ ಮೇಲೆ ಪಕ್ಕದ ಸೀಟು ಖಾಲಿಯಾಗುತ್ತದೆ. ಆಗಲೂ 'ಮುಂದೆ ನೋಡಿ' ಎಂಬ ಅವರ ಮಾತು ಕಿವಿಯಲ್ಲಿ ಕೇಳುತ್ತಿದ್ದರೆ ಎರಡನೇ ಬ್ರೇಕ್ ಸಿಕ್ಕಿದಂತೆಯೇ.