ಒಂದು ಕ್ವಿಂಟಲ್ ಕಡಲೆಯಲ್ಲಿ ಕ್ವಾರ್ಕಿನ ತೂಕವೆಷ್ಟು?

ಅಣ್ಣಿಗೇರಿಯ ಮಾರುಕಟ್ಟೆಯಲ್ಲಿ ಒಂದು ಕ್ವಿಂಟಲ್ ಕಡಲೆ ತೂಗಿಸಿದಿರಿ ಎನ್ನಿ. ಆ ತೂಕ ಬಹುತೇಕ ಪ್ರೋಟಾನು, ನ್ಯೂಟ್ರಾನುಗಳದು. ಒಂದೊಂದರೊಳಗೂ ಮೂರು ಕ್ವಾರ್ಕುಗಳಿವೆ. ಆ ಕ್ವಾರ್ಕುಗಳ ಸ್ವಂತ ತೂಕವನ್ನಷ್ಟೇ ಕೂಡಿಸಿದರೆ ಸಿಗುವುದು ಸುಮಾರು 1 ಕಿಲೊ. ಉಳಿದ 99 ಕಿಲೊ ಎಲ್ಲಿಂದ ಬಂತು?

ಇದರ ಉತ್ತರ ಮಹಾಸ್ಫೋಟದ ನಂತರದ ಕೆಲವೇ ಮೈಕ್ರೊಸೆಕೆಂಡುಗಳಲ್ಲಿದೆ. ಆಗ ಪ್ರೋಟಾನುಗಳೇ ಇರಲಿಲ್ಲ, ಕ್ವಾರ್ಕು ಮತ್ತು ಅವನ್ನು ಬೆಸೆಯುವ ಗ್ಲುವಾನುಗಳ ಕುದಿಯುವ ದ್ರವವಿತ್ತು. ಕ್ವಾರ್ಕು ಗಿರಕಿ ಹೊಡೆಯುತ್ತ ಸಾಗುತ್ತದೆ. ಗಿರಕಿಯ ದಿಕ್ಕಿನ ಮೇಲೆ ಅದನ್ನು ಎಡಗೈಯದು, ಬಲಗೈಯದು ಎಂದು ವಿಂಗಡಿಸುತ್ತಾರೆ. ತೂಕವಿಲ್ಲದ ಕ್ವಾರ್ಕಿನ ಕೈ ಎಂದೂ ಬದಲಾಗದು, ಕ್ವಾರ್ಕುಗಳನ್ನು ಹಿಡಿದಿಡುವ ಪ್ರಬಲ ಬಲವೂ ಅದನ್ನು ಬದಲಿಸದು. ಎಡಗೈಯವು, ಬಲಗೈಯವು ಹೀಗೆ ತಮ್ಮ ಪಾಡಿಗೆ ತಾವಿರುವುದೇ ಕೈರಲ್ ಸಮಮಿತಿ.

ವಿಶ್ವ ತಣಿಯುತ್ತ ಬಂದಾಗ ಈ ಸಮಮಿತಿ ಮುರಿಯಿತು. ನಾವು ಖಾಲಿ ಎಂದುಕೊಳ್ಳುವ ನಿರ್ವಾತವನ್ನೇ ಕ್ವಾರ್ಕು ಮತ್ತು ಪ್ರತಿಕ್ವಾರ್ಕುಗಳ ಜೋಡಿಗಳು ತುಂಬಿಕೊಂಡವು, ಎಡಗೈಯದನ್ನು ಬಲಗೈಯದಕ್ಕೆ ಬಿಗಿದವು. ನವಲಗುಂದದ ಎರೆಹೊಲದಲ್ಲಿ ಒಂದೇ ನೊಗಕ್ಕೆ ಹೂಡಿದ ಎತ್ತುಗಳು ತಮಗೆ ಬೇಕಾದತ್ತ ಓಡಲಾರವಷ್ಟೆ? ಹಾಗೆ ಹೂಡಿಸಿಕೊಂಡ ಕ್ವಾರ್ಕು ತನ್ನ ಸ್ವಂತ ತೂಕದ ಸುಮಾರು ನೂರು ಪಟ್ಟು ಭಾರವಿದ್ದಂತೆ ವರ್ತಿಸುತ್ತದೆ. ಜಪಾನಿನಲ್ಲಿ ಹುಟ್ಟಿದ ಯೊಯಿಚಿರೊ ನಂಬು ಈ ವಿಚಾರಕ್ಕೆ ಬಂದದ್ದು 1960ರ ಸುಮಾರಿಗೆ, ಅತಿವಾಹಕಗಳನ್ನು ಅಭ್ಯಸಿಸುತ್ತ. ಕ್ವಾರ್ಕು ಎಂಬ ಕಲ್ಪನೆಯೇ ಆಗ ಹುಟ್ಟಿರಲಿಲ್ಲ! ಅವರಿಗೆ ನೊಬೆಲ್ ಸಂದದ್ದು 2008ರಲ್ಲಿ.

ಆ ನೊಗ ಕಳಚಲು ಎಷ್ಟು ಕಾವು ಬೇಕು? ದೇಶಕಾಲವನ್ನು ಚೌಕಳಿಯಾಗಿ ವಿಂಗಡಿಸಿ ಸೂಪರ್‌ಕಂಪ್ಯೂಟರಿನಲ್ಲಿ ಇದರ ಲೆಕ್ಕ ಮಾಡುತ್ತಾರೆ. ಹಾಟ್‌ಕ್ಯೂಸಿಡಿ ತಂಡ 2019ರಲ್ಲಿ ಪ್ರಕಟಿಸಿದ ಉತ್ತರ 156.5 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 1.8 ಲಕ್ಷ ಕೋಟಿ ಡಿಗ್ರಿ. ಸೂರ್ಯನ ಒಡಲಿಗಿಂತ ಲಕ್ಷ ಪಟ್ಟು ಮೀರಿದ ಬಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಸಾದ್ ಹೆಗ್ಡೆ ಆ ಲೆಕ್ಕದ ಪಾಲುದಾರರು.

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಬದಲಾವಣೆ ನಡೆದ ರೀತಿ. ಅದು ಹಠಾತ್ತನೆ ಆದದ್ದಲ್ಲ, ಕಾವು ಇಳಿದಂತೆ ಮೆಲ್ಲಮೆಲ್ಲನೆ ಆದದ್ದು. ಇದಕ್ಕೆ ಕಾರಣ ಕ್ವಾರ್ಕುಗಳ ಆ ಅಲ್ಪ ಸ್ವಂತ ತೂಕ. ಹಗುರ ಕ್ವಾರ್ಕುಗಳಿಗೆ ಅದೂ ಇಲ್ಲದಿದ್ದರೆ 132 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಲ್ಲಿ ನಿಜವಾದ ಸ್ಥಿತ್ಯಂತರವೇ ಆಗುತ್ತದೆಂದು ಹೆಗ್ಡೆಯವರೂ ಇದ್ದ ಇನ್ನೊಂದು ಲೆಕ್ಕ ಅದೇ ವರ್ಷ ತೋರಿಸಿತು. ನೂರರಲ್ಲಿ ಒಂದು ಪಾಲಿನ ತೂಕ ವಿಶ್ವದ ನಡೆಯನ್ನೇ ಬದಲಿಸಿತು.

ಆರಂಭದ ವಿಶ್ವದಲ್ಲಿ ಕ್ವಾರ್ಕುಗಳೂ ಪ್ರತಿಕ್ವಾರ್ಕುಗಳೂ ಹೆಚ್ಚುಕಡಿಮೆ ಸಮನಾಗಿದ್ದವು. ಕ್ವಾರ್ಕುಗಳೇ ಕಿಕ್ಕಿರಿದ ಕಡೆ ಇದೇ ಬದಲಾವಣೆ ಹಠಾತ್ತನೆ ಆಗಬಹುದೇ? ಇದನ್ನೂ ಹುಡುಕಲೆಂದು ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಫೇರ್ ವೇಗೋತ್ಕರ್ಷಕ ಕಟ್ಟುತ್ತಿದ್ದಾರೆ, ಭಾರತವೂ ಅದರ ಪಾಲುದಾರ.