ಪ್ರಶ್ನೋತ್ತರ ಯಂತ್ರವೂ ಅದರ ಕಡತವೂ

ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡುವ ಪಿ.ಎಂ. ಕಿಸಾನ್ ಯೋಜನೆಯ ಸಂದೇಹಗಳಿಗಾಗಿ ಕೇಂದ್ರ ಸರ್ಕಾರವು 2023ರಲ್ಲಿ 'ಕಿಸಾನ್ ಇ-ಮಿತ್ರ' ಎಂಬ ಚಾಟ್‌ಬಾಟನ್ನು ಏರ್ಪಡಿಸಿತು. ನಾಯಂಡಹಳ್ಳಿಯಲ್ಲಿ ಕುಳಿತ ಹಿಡುವಳಿದಾರನು ಕಂತು ಬಾರದಿರಲು ಕಾರಣವೇನೆಂದು ಕನ್ನಡದಲ್ಲಿಯೇ ಕೇಳಬಹುದು. ಅವನ ಮಾತು ಮೊದಲು ಅಕ್ಷರವಾಗುವುದು. ಬಳಿಕ ಯಂತ್ರವು ಪ್ರಶ್ನೆಯ ಅರ್ಥವನ್ನು ಗುರುತಿಸಿ, ದಾಖಲೆಯನ್ನು ನೋಡಿ ಉತ್ತರಿಸುವುದು.

ಇಂತಹ ಯಂತ್ರವನ್ನು ಕಟ್ಟುವುದಕ್ಕಿಂತ ನಡೆಸುವುದೇ ಕಷ್ಟ. ಹೊಲದ ಕಳೆ ಕೀಳುವಂತೆ ಅದರ ಕಡತದಿಂದ ರದ್ದಾದ ಆದೇಶಗಳನ್ನು ಆಗಾಗ ತೆಗೆಯತಕ್ಕದ್ದು. ಆಧಾರ ಸಿಕ್ಕದಿದ್ದಾಗ ಭಾಷಾಯಂತ್ರವು ಸುಮ್ಮನಿರದೆ, ನಂಬುವಂತಹ ಸುಳ್ಳನ್ನೂ ಹೊಸೆಯಬಲ್ಲುದು. 'ತಿಳಿಯದು' ಎನ್ನುವುದನ್ನು ಅದಕ್ಕೆ ಕಲಿಸಬೇಕಾಗುವುದು. ಆದುದರಿಂದ ಯಾವ ಚಾಟ್‌ಬಾಟು ಹೇಳಿದ ಔಷಧದ ಪ್ರಮಾಣವನ್ನಾದರೂ ಡಬ್ಬಿಯ ಮೇಲಣ ಚೀಟಿಯೊಡನೆ ಹೋಲಿಸಿ ನೋಡದೆ ಬೆಳೆಗೆ ಸಿಂಪಡಿಸಕೂಡದು. ಎರಡೂ ಹೊಂದದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.